ಗಾಲಿಕುರ್ಚಿಯ ಪಯಣ ಮತ್ತು ಶೀತಕಾಲದ ವಾಹನ

ರಾಷ್ಟ್ರಕವಿ ಕುವೆಂಪು ಅವರ ಹೆಸರನ್ನು ಹೊತ್ತ ವಿಮಾನ ನಿಲ್ದಾಣವು ಸೋಗಾನೆಯಲ್ಲಿ 2023ರ ಫೆಬ್ರವರಿ 27ರಂದು ಉದ್ಘಾಟನೆಗೊಂಡಿತು. ನಡೆಯಲಾರದ ಪ್ರಯಾಣಿಕನಿಗೆ ನಿಲ್ದಾಣದಿಂದ ವಿಮಾನದ ಆಸನದವರೆಗೆ ನೆರವು ನೀಡಬೇಕೆಂಬುದು ವಿಮಾನಯಾನದ ನಿಯಮ. ಆದರೆ ಇದೇ ಸೀಮೆಯಿಂದ ಶಿವಮೊಗ್ಗಕ್ಕೋ ಭದ್ರಾವತಿಗೋ ಶಾಲೆಗೆಂದು ಗಾಲಿಕುರ್ಚಿಯಲ್ಲಿ ಹೊರಡಬೇಕಾದ ಮಗುವಿಗೆ ಆಗಸದ ದಾರಿಗಿಂತ ನೆಲದ ದಾರಿಯೇ ದುರ್ಗಮ. ಮಳೆಗಾಲದ ಕೆಸರು, ಪುಷ್ಯಮಾಸದ ಮಂಜು ಇವುಗಳೆದುರು ಯೋಗ್ಯ ವಾಹನವಿಲ್ಲದಿದ್ದರೆ ಮಗು ಮನೆಯಲ್ಲೇ ಉಳಿಯುತ್ತದೆ. ಪಾಠ ಮುಂದೆ ಸಾಗುತ್ತದೆ.

2016ರ ಅಂಗವಿಕಲರ ಹಕ್ಕುಗಳ ಅಧಿನಿಯಮದ 16ನೆಯ ಪ್ರಕರಣವು ಮಾನ್ಯತೆ ಪಡೆದ ಶಿಕ್ಷಣ ಸಂಸ್ಥೆಗಳಲ್ಲಿ ಇಂಥ ಮಕ್ಕಳಿಗೂ, ಹೆಚ್ಚಿನ ಆಸರೆ ಬೇಕಾದವರ ಸಹಾಯಕರಿಗೂ ಸಾರಿಗೆ ಸೌಲಭ್ಯವನ್ನು ಅಪೇಕ್ಷಿಸುತ್ತದೆ. ಆದಕಾರಣ ಇಂಥ ವಾಹನವನ್ನು ಆರಿಸುವ ಬಗೆಯನ್ನು ಶಿಕ್ಷಕರೂ ದಾನಿಗಳೂ ಅರಿತಿರುವುದು ಉಚಿತ.

ಮೊದಲು ಅಳೆಯಬೇಕಾದದ್ದು ವಾಹನವನ್ನಲ್ಲ, ಕುರ್ಚಿಯಲ್ಲಿ ಕುಳಿತ ವ್ಯಕ್ತಿಯನ್ನು. ನೆಲದಿಂದ ನೆತ್ತಿಯವರೆಗಿನ ಎತ್ತರ, ಕುರ್ಚಿಯ ಅಗಲ, ಪಾದಗಳು ಸೇರಿದಂತೆ ಉದ್ದ, ಒಟ್ಟು ತೂಕ ಇವು ಗೊತ್ತಿರಬೇಕು. ಬೆಳೆಯುವ ಮಗುವಾದರೆ ಎತ್ತರದಲ್ಲಿ ಇನ್ನೂ ಒಂದು ಗೇಣು ಬಿಡುವುದು ಜಾಣತನ.

ಎರಡನೆಯದು ಏರುವ ಬಗೆ. ಕಟ್ಟಡಗಳಲ್ಲಿ ಗಾಲಿಕುರ್ಚಿಯ ಇಳಿಜಾರು 1ಕ್ಕೆ 12ರ ಪ್ರಮಾಣದಲ್ಲಿರಬೇಕೆಂಬುದು ರೂಢಿ. ವಾಹನದ ತಳ 60 ಸೆಂಟಿಮೀಟರು ಎತ್ತರವಿದ್ದರೆ ಈ ಲೆಕ್ಕದಲ್ಲಿ 7 ಮೀಟರಿಗೂ ಉದ್ದದ ಹಲಗೆ ಬೇಕು, ಅದು ಅಸಾಧ್ಯ. 1ಕ್ಕೆ 4ರಂತೆ ಇಟ್ಟರೂ ಸುಮಾರು ಎರಡೂವರೆ ಮೀಟರು ಬೇಕು, ಹಿಂದೆ ನಿಂತು ತಳ್ಳುವ ಬಲಿಷ್ಠನೂ ಬೇಕು. ತೂಕ ಹೆಚ್ಚಾದಲ್ಲಿ ಎತ್ತುವ ಯಂತ್ರವೇ ಲೇಸು. ತಳವನ್ನು ತಗ್ಗಿಸಿದ ವಾಹನಗಳು ಏರಲು ಸುಲಭವಾದರೂ ನಮ್ಮ ರಸ್ತೆಯುಬ್ಬುಗಳಿಗೆ ತಾಗುವ ಭಯವುಂಟು. ಹಳೆಯ ಪೇಟೆಯ ಇಕ್ಕಟ್ಟಾದ ಬೀದಿಗಳಲ್ಲಿ ಪಕ್ಕದ ಬಾಗಿಲಿಗಿಂತ ಹಿಂಬಾಗಿಲು ಅನುಕೂಲ. ಆದರೆ ಇಳಿಯುವ ಕುರ್ಚಿ ನೇರವಾಗಿ ರಸ್ತೆಗೇ ಬರುವುದರಿಂದ ಕಾವಲಿಗೆ ಒಬ್ಬರಿರಬೇಕು. ಮೋಟಾರು ವಾಹನಗಳ ಕಾಯಿದೆಯಂತೆ ಈ ಮಾರ್ಪಾಡುಗಳಿಗೆ ನೋಂದಣಿ ಪ್ರಾಧಿಕಾರದ ಅನುಮತಿ ಅಗತ್ಯ.

ಒಳಗೆ ಬಂದ ಕುರ್ಚಿಗೆ ಅದರ ಬ್ರೇಕು ಮಾತ್ರ ಸಾಲದು. ಮುಂದಕ್ಕೆ ಮುಖ ಮಾಡಿ ನಿಲ್ಲಿಸಿ, ಚೌಕಟ್ಟಿನ ನಾಲ್ಕು ಕಡೆಗಳಿಂದ ಪಟ್ಟಿಗಳನ್ನು ನೆಲಕ್ಕೆ ಬಿಗಿಯಬೇಕು. ಕುಳಿತವರಿಗೆ ಸೊಂಟ ಮತ್ತು ಭುಜವನ್ನು ಹಿಡಿಯುವ ಪಟ್ಟಿ ಪ್ರತ್ಯೇಕವಾಗಿಯೇ ಇರಬೇಕು.

ಇನ್ನು ಚಳಿಯ ವಿಚಾರ. ಚಲಿಸದ ಸ್ನಾಯುಗಳು ಹೆಚ್ಚು ಶಾಖವನ್ನು ಉತ್ಪಾದಿಸಲಾರವು. ಕುತ್ತಿಗೆಯ ಭಾಗದಲ್ಲಿ ಬೆನ್ನುಹುರಿಗೆ ಪೆಟ್ಟಾದವರಲ್ಲಿ ನಡುಕದ ಮೂಲಕ ಮೈ ಕಾಯಿಸಿಕೊಳ್ಳುವ ಶಕ್ತಿಯೇ ಕುಂದಿರುತ್ತದೆ. ಮೆದುಳಿನ ವಾತಕ್ಕೆ ಒಳಗಾದ ಮಕ್ಕಳಲ್ಲಿ ಚಳಿಗೆ ಸ್ನಾಯುಗಳ ಬಿಗಿತ ಹೆಚ್ಚುವುದುಂಟು. ಆದ್ದರಿಂದ ಇತರರಿಗೆ ಹಿತವೆನಿಸುವ ಮುಂಜಾನೆಯೂ ಇವರಿಗೆ ಕಷ್ಟಕರ. ಹಾಗೆಂದು ಸ್ಪರ್ಶಜ್ಞಾನವಿಲ್ಲದ ಕಾಲುಗಳಿಗೆ ಬಿಸಿನೀರಿನ ಚೀಲವನ್ನಿಡಬಾರದು. ಚರ್ಮ ಸುಟ್ಟರೂ ಅವರಿಗೆ ತಿಳಿಯದು. ಪಟ್ಟಿಯನ್ನು ಮೊದಲು ಮೈಗೆ ಹೊಂದುವಂತೆ ಕಟ್ಟಿ, ಅದರ ಮೇಲೆ ಕಂಬಳಿ ಹೊದಿಸಬೇಕು. ಕಂಬಳಿಯ ಮೇಲೆ ಕಟ್ಟಿದ ಪಟ್ಟಿ ಸಡಿಲವಾಗುತ್ತದೆ. ವಾಹನವನ್ನು ಬೆಚ್ಚಗಾಗಿಸಲು ಎಂಜಿನನ್ನು ಬಯಲಿನಲ್ಲಿ ಚಾಲೂ ಮಾಡಬೇಕೇ ಹೊರತು ಮುಚ್ಚಿದ ಷೆಡ್ಡಿನಲ್ಲಲ್ಲ. ಅದರ ಹೊಗೆಯಲ್ಲಿನ ಕಾರ್ಬನ್ ಮಾನಾಕ್ಸೈಡ್ ಪ್ರಾಣಾಂತಿಕ.

ಕೆನಡಾದಂಥ ಹಿಮದ ನಾಡುಗಳಲ್ಲಿ ರಸ್ತೆಗೆ ಎರಚುವ ಉಪ್ಪು ಹಲಗೆಯ ಕೀಲುಗಳನ್ನು ತುಕ್ಕು ಹಿಡಿಸುತ್ತದೆ. ಮಲೆನಾಡಿನ ಸೆರಗಿನಲ್ಲಿ ಆ ಕೆಲಸವನ್ನು ತೇವವೂ ಕೆಸರೂ ಮಾಡುತ್ತವೆ. ಗಾಲಿಯೊಡನೆ ಬಂದ ಮಣ್ಣು ಪಟ್ಟಿ ಸಿಕ್ಕಿಸುವ ಕೊಂಡಿಗಳಲ್ಲಿ ತುಂಬಿಕೊಳ್ಳುತ್ತದೆ. ನೆನೆದ ಲೋಹದ ಹಲಗೆ ಜಾರುತ್ತದೆ. ದಿನವೂ ಒರೆಸುವುದು, ಒರಟು ಹಾಸು ಅಂಟಿಸುವುದು ಆವಶ್ಯಕ. ಚಳಿಗೆ ಬ್ಯಾಟರಿಯ ಬಲ ತಗ್ಗುವುದರಿಂದ ಎತ್ತುವ ಯಂತ್ರವನ್ನು ಕೈಯಿಂದ ನಡೆಸುವ ಕ್ರಮವನ್ನು ಚಾಲಕನು ಮೊದಲೇ ಕಲಿತಿರಬೇಕು.

ಹೀಗೆ, ವಾಹನದ ಕೀಲಿಕೈಯನ್ನು ಹಸ್ತಾಂತರಿಸಿದ ಮಾತ್ರಕ್ಕೆ ದಾನ ಪೂರ್ಣವಾಗದು. ತರಬೇತಿ ಪಡೆದ ಚಾಲಕ, ಜೊತೆಗೊಬ್ಬ ಸಹಾಯಕ, ವರ್ಷಂಪ್ರತಿಯ ದುರಸ್ತಿ ವೆಚ್ಚ ಇವೂ ಅದರಲ್ಲಿ ಅಡಕವಾಗಿರಬೇಕು. ತನಗೆ ಚಳಿಯಾಗಿದೆಯೆಂದು ಹೇಳಲಾರದ ಮಗುವಿನ ಅಂಗೈಯನ್ನು ಮುಟ್ಟಿ ನೋಡುವ ಒಬ್ಬರು ಆ ವಾಹನದಲ್ಲಿದ್ದಾಗಲೇ ಅದು ನಿಜವಾಗಿ ಶಾಲೆಯ ವಾಹನವೆನಿಸುತ್ತದೆ.