ಒಂದು ತಂತಿ, ಒಬ್ಬನೇ ಅತಿಥಿ

ಕಾಲೇಜಿನ ಹಜಾರದಲ್ಲಿ ತೂಗುವ ಸೂಚನಾ ಫಲಕವನ್ನು ವಾಚಕರೆಲ್ಲರೂ ಬಲ್ಲರು. ಒಬ್ಬರು ಚೀಟಿ ಅಂಟಿಸುತ್ತಾರೆ. ಇನ್ನೊಬ್ಬರು ಓದಿ ಉತ್ತರ ಬರೆಯುತ್ತಾರೆ. ಇಂತಹ ಫಲಕವನ್ನು ದೂರವಾಣಿ ತಂತಿಯ ತುದಿಗೆ ತೂಗುಹಾಕಿದವರು ಚಿಕಾಗೋ ನಗರದ ಇಬ್ಬರು ಹವ್ಯಾಸಿಗಳು, ವಾರ್ಡ್ ಕ್ರಿಸ್ಟೆನ್ಸೆನ್ ಮತ್ತು ರ‍್ಯಾಂಡಿ ಸ್ಯೂಸ್. 1978ರ ಜನವರಿಯ ಭಾರಿ ಹಿಮಪಾತದ ದಿನಗಳಲ್ಲಿ ಕೈಗೊಂಡ ಕೆಲಸವು ಫೆಬ್ರವರಿ 16ರಂದು ಬಳಕೆಗೆ ಬಂದಿತು. ಇದೇ ಮೊದಲ ಬುಲೆಟಿನ್ ಬೋರ್ಡ್.

ಗಣಕಯಂತ್ರ ಬಲ್ಲದ್ದು 0 ಮತ್ತು 1 ಮಾತ್ರ. ದೂರವಾಣಿಯಾದರೋ ಮನುಷ್ಯನ ಧ್ವನಿಗೆಂದು ರೂಪುಗೊಂಡದ್ದು. ಸೆಕೆಂಡಿಗೆ ಸುಮಾರು 300ರಿಂದ 3400 ಕಂಪನಗಳ ಸ್ವರಗಳನ್ನಷ್ಟೇ ಸಾಗಿಸುತ್ತದೆ. ಇವೆರಡರ ನಡುವಣ ದುಭಾಷಿಯೇ ಮೋಡೆಮ್. ಆ ಕಾಲದ ಮೋಡೆಮಿನಲ್ಲಿ ಕರೆಮಾಡಿದವನ ಕಡೆಯಿಂದ 1270 ಕಂಪನಗಳ ಸ್ವರವು 1 ಎಂದೂ, 1070ರದು 0 ಎಂದೂ ಅರ್ಥ. ಉತ್ತರಿಸುವ ಯಂತ್ರವು 2225 ಮತ್ತು 2025ರ ಸ್ವರಗಳನ್ನು ಬಳಸುತ್ತಿತ್ತು. ಹೀಗಾಗಿ ಇಬ್ಬರೂ ಒಮ್ಮೆಗೇ ನುಡಿದರೂ ಮಾತು ಕಲಸಿಹೋಗುತ್ತಿರಲಿಲ್ಲ. ವೇಗ ಸೆಕೆಂಡಿಗೆ 300 ಬಿಟ್; ಅಕ್ಷರವೊಂದಕ್ಕೆ 10 ಬಿಟ್ ಬೇಕಾಗುವುದರಿಂದ 30 ಅಕ್ಷರ. ಎರಡು ಸಾವಿರ ಅಕ್ಷರಗಳ ಪುಟವೊಂದಕ್ಕೆ ನಿಮಿಷ ಮೀರುತ್ತಿತ್ತು. ಮುಂದೆ ಬಂದ 2400 ಬಿಟ್ಟಿನ ಮೋಡೆಮಿಗೆ ಎಂಟೇ ಸೆಕೆಂಡು ಸಾಕಾಯಿತು.

ಮನೆಯಲ್ಲಿದ್ದುದು ಒಂದು ತಂತಿ. ಒಮ್ಮೆಗೆ ಒಬ್ಬನೇ ಅತಿಥಿ. ಅವನು ಓದಿ, ಬರೆದು, ಕರೆಯನ್ನು ಕಡಿಯುವವರೆಗೆ ಉಳಿದವರು ಕಾಯಬೇಕು. ಆದರೂ ಫಲಕಗಳು ಬೆಳೆದವು. 1984ರಲ್ಲಿ ಟಾಮ್ ಜೆನ್ನಿಂಗ್ಸ್ ರಚಿಸಿದ ಫಿಡೋನೆಟ್ ವ್ಯವಸ್ಥೆಯಲ್ಲಿ, ಕರೆಯ ದರ ಇಳಿಯುವ ರಾತ್ರಿಯ ಹೊತ್ತಿನಲ್ಲಿ ಯಂತ್ರಗಳು ಒಂದಕ್ಕೊಂದು ಕರೆಮಾಡಿ ಪತ್ರಗಳನ್ನು ದಾಟಿಸುತ್ತಿದ್ದವು. ಅಂಚೆಯ ಓಟಗಾರರ ಪದ್ಧತಿಯೇ ಇದು ಎನ್ನಬಹುದು.

ನಮ್ಮ ನಾಡಿನಲ್ಲಿ, ಬೆಳಗಾವಿಯಲ್ಲಿ ಓದಿದ ಅತುಲ್ ಚಿಟ್ನಿಸ್ ಅವರು 1990ರ ದಶಕದ ಆದಿಭಾಗದಲ್ಲಿ ಬೆಂಗಳೂರಿನಿಂದ ಸಿಐಎಕ್ಸ್ ಎಂಬ ಫಲಕವನ್ನು ನಡೆಸುತ್ತಿದ್ದರು. ಬೆಂಗಳೂರಿನವನಿಗೆ ಅದು ಸ್ಥಳೀಯ ಕರೆ. ರಾಮನಗುಳಿಯ ವಿದ್ಯಾರ್ಥಿಯೊಬ್ಬನಲ್ಲಿ ಗಣಕಯಂತ್ರವೂ ಮೋಡೆಮೂ ಇದ್ದವೆಂದೇ ಊಹಿಸೋಣ. ಸುಮಾರು 400 ಕಿಲೋಮೀಟರು ದೂರಕ್ಕೆ ಎಸ್.ಟಿ.ಡಿ. ಕರೆ! ಒಂದು ಮೆಗಾಬೈಟ್ ಕಡತವನ್ನು 2400 ಬಿಟ್ ವೇಗದಲ್ಲಿ ತರಿಸಲು ಒಂದು ಗಂಟೆ ಹನ್ನೆರಡು ನಿಮಿಷ ಬೇಕು; ಅಷ್ಟು ಹೊತ್ತೂ ಮೀಟರು ಓಡುತ್ತಲೇ ಇರುತ್ತದೆ. ನಡುವೆ ತಂತಿ ಕರಕರ ಎಂದರೆ ಕೆಟ್ಟ ತುಣುಕುಗಳನ್ನು ಮತ್ತೆ ಕಳುಹಿಸಬೇಕು. ಈ ಫಲಕಗಳು ನಗರದ ಎಲ್ಲೆಯೊಳಗೇ ಉಳಿದುದಕ್ಕೆ ಕಾರಣ ಆಸಕ್ತಿಯ ಕೊರತೆಯಲ್ಲ, ದೂರಕ್ಕೆ ತಕ್ಕಂತೆ ಏರುತ್ತಿದ್ದ ದರ ಎಂಬುದು ನಮ್ಮ ಅಭಿಪ್ರಾಯ.

ಅವನತಿಗೂ ಮೂಲ ಇದೇ. 1995ರ ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮವು ಭಾರತದಲ್ಲಿ ಸಾರ್ವಜನಿಕ ಅಂತರಜಾಲ ಸೇವೆಯನ್ನು ಆರಂಭಿಸಿತು. ಅಂತರಜಾಲದಲ್ಲಿ ಸಂದೇಶವು ಸಣ್ಣ ಪೊಟ್ಟಣಗಳಾಗಿ ಒಡೆದು, ಇತರರ ಪೊಟ್ಟಣಗಳೊಡನೆ ಒಂದೇ ದಾರಿಯಲ್ಲಿ ಸಾಗುತ್ತದೆ. ಯಾರೊಬ್ಬರಿಗೂ ಇಡೀ ತಂತಿಯನ್ನು ಮೀಸಲಿಡಬೇಕಿಲ್ಲ. ಹತ್ತಿರದ ಕೇಂದ್ರಕ್ಕೆ ಕರೆಮಾಡಿದವನಿಗೆ ಚಿಕಾಗೋ ಕೂಡ ನೆರೆಮನೆಯೇ. ಹೀಗಿರಲು ಒಂಟಿ ತಂತಿಯ ಫಲಕಕ್ಕೆ ಕಾಯುವವರು ಯಾರು?

ಚಿಟ್ನಿಸ್ ಅವರು ಮುಂದೆ, 1996ರಲ್ಲಿ, ಪಿಸಿ ಕ್ವೆಸ್ಟ್ ಪತ್ರಿಕೆಯ ಜೊತೆಗೆ ಲಿನಕ್ಸ್ ತಂತ್ರಾಂಶದ ಸಿ.ಡಿ.ಯನ್ನು ಓದುಗರಿಗೆ ತಲುಪಿಸುವ ಕಾರ್ಯದಲ್ಲಿ ತೊಡಗಿದರು, 2013ರಲ್ಲಿ ತೀರಿಕೊಂಡರು. ಸಿ.ಡಿ.ಯೊಂದು ಹಿಡಿಯುವ 650 ಮೆಗಾಬೈಟನ್ನು ಆ 2400 ಬಿಟ್ಟಿನ ಮೋಡೆಮಿನಿಂದ ರಾಮನಗುಳಿಗೆ ತರಿಸಿಕೊಳ್ಳಲು ಹಗಲಿರುಳೂ 33 ದಿನ ಬೇಕಾಗುತ್ತಿತ್ತು. ಅಂಚೆಯವನ ಚೀಲದಲ್ಲಿ ಅದು ಕೆಲವೇ ದಿನಗಳ ದಾರಿ.