ಒಂದೇ ಗಣಕ, ಎರಡು ವ್ಯವಸ್ಥೆ: ಜಾಲ ಕಡಿದುದೆಲ್ಲಿ?

ಒಂದೇ ಗಣಕಯಂತ್ರದಲ್ಲಿ ವಿಂಡೋಸ್, ಲಿನಕ್ಸ್ ಎರಡನ್ನೂ ಇರಿಸಿಕೊಂಡವರು ಒಮ್ಮೊಮ್ಮೆ ಒಂದು ವಿಚಿತ್ರವನ್ನು ಕಾಣುವುದುಂಟು. ವಿಂಡೋಸಿನಲ್ಲಿ ಅಂತರಜಾಲವು ಸರಾಗವಾಗಿ ದೊರೆಯುತ್ತದೆ. ಯಂತ್ರವನ್ನು ಆರಿಸಿ ಲಿನಕ್ಸನ್ನು ತೆರೆದರೆ ಮಾಯವಾಗುತ್ತದೆ. ತಂತಿ ಅದೇ, ರೌಟರೂ ಅದೇ. ಸವದತ್ತಿ, ಬೈಲಹೊಂಗಲಗಳ ವಿದ್ಯಾರ್ಥಿಯೂ ವಿದ್ಯಾರ್ಥಿವೇತನದ ಅರ್ಜಿಯನ್ನು ಜಾಲದ ಮೂಲಕವೇ ಸಲ್ಲಿಸಬೇಕಾಗಿರುವ ಈ ಕಾಲದಲ್ಲಿ, ಕಡೆಯ ದಿನದ ಸಂಜೆ ಹೀಗಾದರೆ ಗತಿಯೇನು? ಬೇಸತ್ತು ಲಿನಕ್ಸನ್ನೇ ಅಳಿಸಿಹಾಕುವವರಿದ್ದಾರೆ. ಅದು ದುಡುಕು.

ಮೊದಲು, ತಂತಿ ಸೇರುವ ಕಿಂಡಿಯ ಬಳಿಯ ಪುಟ್ಟ ದೀಪವನ್ನು ನೋಡಬೇಕು. ಅದು ಉರಿಯದಿದ್ದರೆ, ಹಿಂದೆ ಯಂತ್ರವನ್ನು ಮುಚ್ಚಿದ ರೀತಿಯ ಮೇಲೆಯೇ ಸಂಶಯಪಡಬೇಕು. ೨೦೧೨ರಲ್ಲಿ ಬಂದ ಎಂಟನೆಯ ವಿಂಡೋಸಿನಿಂದೀಚೆಗೆ ‘ಶಟ್ ಡೌನ್’ ಎಂಬುದು ಸಾಮಾನ್ಯವಾಗಿ ಹೆಸರಿಗೆ ತಕ್ಕಂತೆ ನಡೆಯುವುದಿಲ್ಲ. ಮತ್ತೆ ಬೇಗ ಏಳಲೆಂದು ವ್ಯವಸ್ಥೆಯ ತಿರುಳು ತನ್ನ ಸ್ಥಿತಿಯನ್ನು ಡಿಸ್ಕಿನಲ್ಲಿ ಬರೆದಿಟ್ಟು ಮಲಗುತ್ತದೆ. ಜಾಲದ ಕಾರ್ಡನ್ನೂ ಅಲ್ಪಶಕ್ತಿಯ ನಿದ್ರೆಗೆ ಕಳುಹಿಸುತ್ತದೆ. ಪ್ಲಗ್ಗು ಗೋಡೆಯಲ್ಲಿರುವ ತನಕ ಕಾರ್ಡಿಗೆ ಕಿಂಚಿತ್ ವಿದ್ಯುತ್ತು ಹರಿಯುತ್ತಲೇ ಇರುವುದರಿಂದ ಆ ಸ್ಥಿತಿಯು ಅಳಿಯದೆ ಉಳಿದು, ಲಿನಕ್ಸಿನ ಚಾಲಕ ತಂತ್ರಾಂಶವು ಅದನ್ನು ಎಬ್ಬಿಸಲಾರದೆ ಹೋಗಬಹುದು. ಕೆಲವು ರಿಯಲ್‌ಟೆಕ್ ಕಾರ್ಡುಗಳಲ್ಲಿ ಇದು ಬಹುಪರಿಚಿತವಾದ ದೋಷ. ವಿಂಡೋಸನ್ನು ‘ರೀಸ್ಟಾರ್ಟ್’ ಮಾಡಿ ಲಿನಕ್ಸಿಗೆ ಬರುವುದು ಸುಲಭೋಪಾಯ; ‘ಫಾಸ್ಟ್ ಸ್ಟಾರ್ಟಪ್’ ಎಂಬ ಸೌಕರ್ಯವನ್ನು ತೆಗೆದುಬಿಡುವುದು ಅದಕ್ಕಿಂತ ಮೇಲು. ಮೇಜಿನ ಗಣಕವಾದರೆ ಆರಿಸಿದ ಮೇಲೆ ಪ್ಲಗ್ಗನ್ನು ಕಿತ್ತು, ಕೆಪಾಸಿಟರುಗಳು ಬರಿದಾಗಲೆಂದು ಅರ್ಧ ನಿಮಿಷ ಬಿಡಬಹುದು. ವಿದ್ಯುತ್ತು ಪದೇ ಪದೇ ಹೋಗುವ ಊರುಗಳಲ್ಲಿ ಈ ಚಿಕಿತ್ಸೆ ತಾನಾಗಿಯೇ ನಡೆದುಹೋಗುವುದೂ ಉಂಟು!

ದೀಪ ಉರಿಯುತ್ತಿದೆಯೆ? ಹಾಗಾದರೆ ‘ಪಿಂಗ್’ ಆಜ್ಞೆಯಿಂದ ಹತ್ತಿರದಿಂದ ದೂರಕ್ಕೆ ಕೂಗಿ ನೋಡಬೇಕು. ಮೊದಲು ರೌಟರು, ಅನೇಕ ಮನೆಗಳಲ್ಲಿ ಅದರ ವಿಳಾಸ ೧೯೨.೧೬೮.೧.೧. ಅದು ಓಗೊಡದಿದ್ದರೆ ಲಿನಕ್ಸಿಗೆ ರೌಟರಿನಿಂದ ವಿಳಾಸ ದೊರೆತಿದೆಯೇ ಎಂದು ಪರೀಕ್ಷಿಸಬೇಕು. ಬಳಿಕ ೮.೮.೮.೮. ಅದೂ ಓಗೊಟ್ಟು, ಹೆಸರಿನಿಂದ ಕರೆದ ತಾಣ ಮಾತ್ರ ಸಿಗದಿದ್ದರೆ, ಹೆಸರನ್ನು ಸಂಖ್ಯೆಯಾಗಿಸುವ ನಾಮಸೇವಕದ ವಿಳಾಸವು ತಪ್ಪಿದೆಯೆಂದರ್ಥ.

ಇವೆಲ್ಲ ಸರಿಯಿದ್ದೂ ಪುಟಗಳು ತೆರೆಯದಿದ್ದರೆ ಗಡಿಯಾರವನ್ನು ನೋಡಿರಿ. ವಿಂಡೋಸ್ ಯಂತ್ರದ ಗಡಿಯಾರದಲ್ಲಿ ಸ್ಥಳೀಯ ವೇಳೆಯನ್ನು ಬರೆಯುತ್ತದೆ. ಲಿನಕ್ಸ್ ಅದನ್ನೇ ವಿಶ್ವವೇಳೆಯೆಂದು ಓದಿ, ಬೆಳಗಿನ ಹತ್ತನ್ನು ಮಧ್ಯಾಹ್ನದ ಮೂರೂವರೆಯೆಂದು ತೋರಿಸುತ್ತದೆ. ಈ ಐದೂವರೆ ಗಂಟೆಯಿಂದ ಸಾಮಾನ್ಯವಾಗಿ ಕೇಡಿಲ್ಲ. ಆದರೆ ಮಂಡಲಿಯ ಮೇಲಿನ ೩ ವೋಲ್ಟಿನ ನಾಣ್ಯಾಕಾರದ ಕೋಶ ಬರಿದಾಗಿ ವರ್ಷವೇ ಹಿಂದೆ ಸರಿದರೆ, ತಾಣಗಳ ಭದ್ರತಾಪತ್ರಗಳು ಇನ್ನೂ ಜಾರಿಗೆ ಬಂದಿಲ್ಲವೆಂದು ಬ್ರೌಸರು ಬಾಗಿಲು ಮುಚ್ಚುತ್ತದೆ. ಕೋಶವನ್ನು ಬದಲಾಯಿಸಿ ದಿನಾಂಕವನ್ನು ತಿದ್ದಿದರೆ ಸಾಕು.