ಊರೊಟ್ಟು

‘ಕಮ್ಯೂನ್ ಎಂಬುದಕ್ಕೆ ಕನ್ನಡದಲ್ಲಿ ಏನೆನ್ನಬೇಕು, ಮೇಷ್ಟ್ರೇ?’ ಎಂದು ವಿದ್ಯಾರ್ಥಿಯೊಬ್ಬ ತರಗತಿಯಲ್ಲಿ ಕೇಳಿದ. ಒಡನೆ ಉತ್ತರ ಹೊಳೆಯಲಿಲ್ಲ. ಆ ಪದಕ್ಕೆ ಎರಡು ಮುಖಗಳು. ಒಂದೇ ಒಲೆಯ ಅನ್ನವನ್ನು ಹಂಚಿಕೊಂಡು ಬಾಳುವವರ ಕೂಟವೂ ಕಮ್ಯೂನೇ. ಫ್ರಾನ್ಸಿನಲ್ಲಿ 1789ರ ಕ್ರಾಂತಿಯ ಕಾಲದಿಂದ ಸ್ಥಳೀಯ ಆಡಳಿತದ ಕಟ್ಟಕಡೆಯ ಘಟಕಕ್ಕೂ ಅದೇ ಹೆಸರು. 1871ರಲ್ಲಿ ಪ್ಯಾರಿಸಿನ ಜನ 72 ದಿನ ತಮ್ಮ ನಗರವನ್ನು ತಾವೇ ಆಳಿಕೊಂಡದ್ದೂ ಈ ಹೆಸರಿನಲ್ಲಿಯೇ. ಪದದ ಲ್ಯಾಟಿನ್ ಬೇರಿನಲ್ಲಿ ‘ಹೊಣೆ’, ‘ಕೊಡುಗೆ’ ಎಂಬ ಅರ್ಥಗಳೆರಡೂ ಬೆರೆತಿವೆ.

ಸತ್ಯಮಂಗಲದ ನನ್ನ ಮನೆಗೆ ಸಿದ್ಧಗಂಗೆ ದೂರವಲ್ಲ. ಅಲ್ಲಿ ಎಲ್ಲ ಜಾತಿಮತಗಳ ಸಾವಿರಾರು ಮಕ್ಕಳು ಒಟ್ಟಿಗೆ ಉಂಡು, ಒಟ್ಟಿಗೆ ಪ್ರಾರ್ಥಿಸಿ, ಒಟ್ಟಿಗೆ ಓದುತ್ತಾರೆ. 2019ರಲ್ಲಿ, 111ನೆಯ ವಯಸ್ಸಿನಲ್ಲಿ ಲಿಂಗೈಕ್ಯರಾದ ಶ್ರೀ ಶಿವಕುಮಾರ ಸ್ವಾಮಿಗಳು ಹಳ್ಳಿಹಳ್ಳಿ ತಿರುಗಿ ಭಿಕ್ಷೆಯಾಗಿ ತಂದ ಧಾನ್ಯ ಈ ದಾಸೋಹವನ್ನು ಬೆಳೆಸಿತು. ರಾಗಿ ಅಳೆದುಕೊಟ್ಟ ರೈತನ ಮಗನಿಗೂ, ಕೊಡಲು ಏನೂ ಇಲ್ಲದವನ ಮಗನಿಗೂ ಒಂದೇ ಪಂಕ್ತಿ. ಆದರೆ ಇದು ಗುರುವಿನ ಆಜ್ಞೆಯಲ್ಲಿ ನಡೆಯುವ ಮನೆ. ಕಮ್ಯೂನಿನ ಒಂದು ಮುಖ ಮಾತ್ರ ಇಲ್ಲಿದೆ.

ಇನ್ನೊಂದು ಮುಖವೂ ನಮಗೆ ಹೊಸದಲ್ಲ. ಅಗ್ರಹಾರದ ಮಹಾಜನರು ಸಭೆ ಸೇರಿ ದತ್ತಿಗಳನ್ನು ನಿರ್ವಹಿಸುತ್ತಿದ್ದುದನ್ನು ನಮ್ಮ ಶಾಸನಗಳು ಹೇಳುತ್ತವೆ. ಆದರೆ ಗದ್ದೆಯಲ್ಲಿ ದುಡಿದವನಿಗೆ ಆ ಸಭೆಯಲ್ಲಿ ಸ್ಥಾನವಿರಲಿಲ್ಲ. ಹಳೆಯದನ್ನು ಹಾಡಿ ಹೊಗಳುವಾಗ ಇದನ್ನು ಮರೆಯಬಾರದು.

ಆ ಬಾಗಿಲು ತೆರೆದದ್ದು ನಮ್ಮ ಕಾಲದಲ್ಲಿ. ಅಬ್ದುಲ್ ನಜೀರ್ ಸಾಬರು ಮುಂದೆ ನಿಂತು ರೂಪಿಸಿದ 1983ರ ಕಾಯಿದೆಯಂತೆ 1987ರಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳಿಗೆ ಚುನಾವಣೆ ನಡೆಯಿತು. ನಾಲ್ಕರಲ್ಲಿ ಒಂದು ಪಾಲು ಸ್ಥಾನ ಹೆಂಗಸರಿಗೆ ಮೀಸಲಾಯಿತು. 1993ರಲ್ಲಿ ಸಂವಿಧಾನದ 73ನೆಯ ತಿದ್ದುಪಡಿ ಜಾರಿಗೆ ಬಂದು ಗ್ರಾಮಸಭೆಗೆ ಸಂವಿಧಾನದಲ್ಲಿಯೇ ಸ್ಥಾನ ದೊರೆಯಿತು. ಮತದಾರರ ಪಟ್ಟಿಯಲ್ಲಿ ಹೆಸರುಳ್ಳ ಪ್ರತಿಯೊಬ್ಬರೂ ಅದರ ಸದಸ್ಯರು.

ಆದರೂ ನಾವು ಆ ಸಭೆಗೆ ಹೋಗುವುದು ಏತಕ್ಕೆ? ಮನೆ ಮಂಜೂರಾದವರ ಪಟ್ಟಿಯಲ್ಲಿ ತಮ್ಮ ಹೆಸರಿದೆಯೇ ಎಂದು ನೋಡಲು ಹೋಗುವವರೇ ಹೆಚ್ಚು. ಕೆರೆಯ ಹೂಳಿನ ಮಾತು ಬರುವ ಹೊತ್ತಿಗೆ ಚಾಪೆ ಖಾಲಿ. ಪಡೆಯುವ ಹಕ್ಕನ್ನು ಕಲಿತೆವು, ಹೊರುವ ಹೊಣೆಯನ್ನು ಕಲಿಯಲಿಲ್ಲ. ದಾಸೋಹದಲ್ಲಿ ಉಂಡವನು ಮುಂದೆ ತಾನೂ ಒಂದು ಮೂಟೆ ತಂದು ಇಳಿಸಬೇಕೆಂದುಕೊಳ್ಳುತ್ತಾನೆ. ಆ ಮನಸ್ಸು ಗ್ರಾಮಸಭೆಗೂ ಬರಬೇಕು.

ಮರುದಿನ ಆ ಹುಡುಗನಿಗೆ ಹೇಳಿದೆ: ‘ನಿಮ್ಮ ಹಳ್ಳಿಯಲ್ಲಿ ಜಾತ್ರೆಗೆ ಮನೆಮನೆಯಿಂದ ವಂತಿಗೆ ಎತ್ತುವಾಗ ಹಿರಿಯರು ಊರೊಟ್ಟಿನ ಕೆಲಸ ಎನ್ನುತ್ತಾರಲ್ಲ, ಆ ಮಾತೇ ಸಾಕಪ್ಪ.’

ಅವನು ಸ್ವಲ್ಪ ಯೋಚಿಸಿ ಕೇಳಿದ: ‘ಆ ವಂತಿಗೆ ನಮ್ಮ ಕೇರಿಯಿಂದಲೂ ತೆಗೆದುಕೊಳ್ಳುತ್ತಾರೆಯೇ, ಮೇಷ್ಟ್ರೇ?’

ನಾನು ಹೇಳಿದ ಪದ ನಿಲ್ಲುವುದೂ ಬೀಳುವುದೂ ಈ ಪ್ರಶ್ನೆಗೆ ಊರು ಕೊಡುವ ಉತ್ತರದ ಮೇಲೆ.